ಸೋತ ತಂಡವು ಮೊದಲು ಯಾರನ್ನು ಆರಿಸಬೇಕು?

೨೦೨೫ನೆಯ ಇಸವಿಯ ಅಕ್ಟೋಬರ್ ತಿಂಗಳ ಕೊನೆಯ ವಾರ. ವಿಜಯವಾಡದ ಗವರ್ನರ್‌ಪೇಟೆಯ ಸಮೀಪದಲ್ಲಿ ನಮ್ಮವರದೊಂದು ಹೋಟೆಲು. ರಾತ್ರಿಯ ಊಟದ ಹೊತ್ತಾಗಿದ್ದರೂ ಸಪ್ಲಾಯರುಗಳ ಕಾಲು ಮೇಜಿನ ಕಡೆಗೆ ಸಾಗುತ್ತಿರಲಿಲ್ಲ. ಗಲ್ಲಾಪೆಟ್ಟಿಗೆಯ ಮೇಲ್ಗಡೆ ತೂಗುಹಾಕಿದ ಟೆಲಿವಿಷನ್ನಿನಲ್ಲಿ ಕಬಡ್ಡಿ ನಡೆಯುತ್ತಿತ್ತು. ಒಂದು ಕಡೆ ಬೆಂಗಳೂರು ಬುಲ್ಸ್, ಇನ್ನೊಂದು ಕಡೆ ತೆಲುಗು ಟೈಟನ್ಸ್. ಹುಟ್ಟಿದ ನಾಡು ಒಂದು ಕಡೆ, ಅನ್ನ ಕೊಟ್ಟ ನಾಡು ಇನ್ನೊಂದು ಕಡೆ. ಅಡಿಗೆಮನೆಯವರು ಬೆಂಗಳೂರಿನ ಪಕ್ಷ. ಇಲ್ಲಿಯೇ ಹುಟ್ಟಿ ತೆಲುಗಿನಲ್ಲಿ ಓದಿದ ಯಜಮಾನರ ಮಗ ಟೈಟನ್ಸಿನ ಪಕ್ಷ. ಗಿರಾಕಿಗಳಾಗಿ ಕುಳಿತಿದ್ದ ನಾವು ಯಾವ ಪಕ್ಷವೆಂಬುದನ್ನು ಹೇಳದಿರುವುದೇ ಕ್ಷೇಮವೆಂದು ತೋರಿತು. ಕೊನೆಗೆ ಟೈಟನ್ಸ್ ೩೭-೩೨ರಿಂದ ಗೆದ್ದಿತು. ಒಳಗಿನಿಂದ ಪಾತ್ರೆಯೊಂದು ಬಿದ್ದ ಸದ್ದು ಕೇಳಿಸಿತು. ಅದು ಕೈ ತಪ್ಪಿ ಬಿದ್ದುದೋ, ಬೇಕೆಂದು ಬಿದ್ದುದೋ, ಯಾರೂ ವಿಚಾರಿಸಲಿಲ್ಲ.

ಪಂದ್ಯ ಮುಗಿದ ಮೇಲೆ ನಮ್ಮ ಜೊತೆಗಿದ್ದ ಗುಮಾಸ್ತ ಮಿತ್ರರೊಬ್ಬರು ಲೆಕ್ಕದ ಮನುಷ್ಯರಿಗೆ ಸಹಜವಾದ ಒಂದು ಪ್ರಶ್ನೆಯನ್ನು ಎತ್ತಿದರು. ಅಂದು ಸೆಣಸಿದ ಈ ಎರಡು ತಂಡಗಳೂ ಸ್ವಲ್ಪ ಕಾಲದ ಹಿಂದೆ ಪಟ್ಟಿಯ ತಳದಲ್ಲಿ ಬಿದ್ದಿದ್ದವು. ಟೈಟನ್ಸ್ ಅಂತೂ ಒಂದಲ್ಲ, ಎರಡಲ್ಲ, ಸತತ ಮೂರು ಪಂದ್ಯಾವಳಿಗಳಲ್ಲಿ ಕಟ್ಟಕಡೆಯ ಸ್ಥಾನವನ್ನು ಪಡೆದಿತ್ತು. ಬಿದ್ದವರು ಎದ್ದದ್ದು ಹೇಗೆ? ದುಡ್ಡಿನಿಂದಲೇ? ದುಡ್ಡಿನಿಂದಲೇ ಆಗುವುದಾದರೆ ಅವರು ಬೀಳಲೇಬಾರದಾಗಿತ್ತಲ್ಲ?

ಈ ಪ್ರಶ್ನೆಯನ್ನು ಕುರಿತು ನಮ್ಮ ವಾಚಕರೊಡನೆ ನಾಲ್ಕು ಮಾತು ಆಡಬೇಕೆನಿಸಿದೆ. ಆಟದ ವಿಷಯ ಆಟದ ಪುಟಕ್ಕಿರಲಿ ಎನ್ನುವವರು ಕ್ಷಮಿಸಬೇಕು. ಹೊಸ ಹುಡುಗರನ್ನು ಎಲ್ಲಿಂದ ತರಬೇಕು, ಅವರನ್ನು ಎಷ್ಟು ಕಾಲ ತಾಳಿಕೊಳ್ಳಬೇಕು ಎಂಬುದು ಹೋಟೆಲಿನವರಿಗೂ ಅಪರಿಚಿತವಾದ ವಿಷಯವಲ್ಲ.

ಮೊದಲು ಟೈಟನ್ಸಿನ ಜಾತಕವನ್ನು ನೋಡೋಣ. ೨೦೧೪ರಲ್ಲಿ ಪ್ರೊ ಕಬಡ್ಡಿ ಲೀಗ್ ಆರಂಭವಾದಾಗ ವಿಶಾಖಪಟ್ಟಣವನ್ನು ತವರಾಗಿ ಮಾಡಿಕೊಂಡು ಹುಟ್ಟಿದ ತಂಡವಿದು. ಆರಂಭದ ವರ್ಷಗಳಲ್ಲಿ ಇದರ ಸ್ಥಿತಿ ಚೆನ್ನಾಗಿಯೇ ಇತ್ತು. ೨೦೧೫ರಲ್ಲಿ ಮೂರನೆಯ ಸ್ಥಾನವನ್ನು ಪಡೆಯಿತು. ಆ ಕಾಲದಲ್ಲಿ ನಮ್ಮ ಕರಾವಳಿಯ ಸುಕೇಶ್ ಹೆಗ್ಡೆಯವರು ಈ ತಂಡದ ದಾಳಿಗಾರರಲ್ಲೊಬ್ಬರಾಗಿದ್ದರೆಂಬುದನ್ನು ಇಲ್ಲಿಯ ಹಳೆಯ ಹೋಟೆಲು ಬಂಧುಗಳು ಇನ್ನೂ ಅಭಿಮಾನದಿಂದ ನೆನೆಯುತ್ತಾರೆ. ತರುವಾಯ ೨೦೧೭ರಲ್ಲಿ ಹೊಸದಾಗಿ ಹುಟ್ಟಿದ ಗುಜರಾತ್ ತಂಡವು ಅವರನ್ನು ನಾಯಕನನ್ನಾಗಿ ಮಾಡಿಕೊಂಡಿತು. ಆ ತಂಡ ಅದೇ ವರ್ಷ ಅಂತಿಮ ಪಂದ್ಯವನ್ನು ತಲುಪಿದ್ದು ಬೇರೆ ಕಥೆ. ಅದಕ್ಕೆ ಮುಂದೆ ಬರುತ್ತೇವೆ.

ಇಳಿಗಾಲ ಬಂದುದು ದುಡ್ಡು ಹೆಚ್ಚಿದ ಮೇಲೆ. ೨೦೧೪ರ ಮೊದಲ ಹರಾಜಿನಲ್ಲಿ ಅತ್ಯಂತ ಹೆಚ್ಚಿನ ಬೆಲೆಗೆ ಹೋದವರು ರಾಕೇಶ್ ಕುಮಾರ್. ಪಟ್ನಾ ತಂಡ ಅವರಿಗೆ ತೆತ್ತದ್ದು ೧೨ ಲಕ್ಷ ೮೦ ಸಾವಿರ ರೂಪಾಯಿ. ೨೦೧೮ರ ಹೊತ್ತಿಗೆ ಬೆಲೆ ಕೋಟಿಯನ್ನು ದಾಟಿತು. ಆ ವರ್ಷ ಟೈಟನ್ಸ್ ತನ್ನ ಪ್ರಖ್ಯಾತ ದಾಳಿಗಾರ ರಾಹುಲ್ ಚೌಧರಿಯವರನ್ನು ೧ ಕೋಟಿ ೨೯ ಲಕ್ಷಕ್ಕೆ ಉಳಿಸಿಕೊಂಡಿತು. ಮುಂದಿನ ಸುತ್ತಿಗೆ ಹೋಗಲಿಲ್ಲ. ೨೦೧೯ರಲ್ಲಿ ಸಿದ್ಧಾರ್ಥ ದೇಸಾಯಿಯವರನ್ನು ೧ ಕೋಟಿ ೪೫ ಲಕ್ಷಕ್ಕೆ ಕೊಂಡಿತು. ಹನ್ನೆರಡು ತಂಡಗಳಲ್ಲಿ ಹನ್ನೊಂದನೆಯದಾಯಿತು. ಮುಂದಿನ ಪಂದ್ಯಾವಳಿ ಕೋವಿಡ್ ಕಾರಣದಿಂದ ೨೦೨೧ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ, ಪ್ರೇಕ್ಷಕರಿಲ್ಲದೆ ನಡೆಯಿತು. ಆರಂಭದ ಕೆಲವು ಪಂದ್ಯಗಳಲ್ಲಿಯೇ ದೇಸಾಯಿ ಗಾಯಗೊಂಡು ಹೊರಗಾದರು. ೨೨ ಪಂದ್ಯಗಳಲ್ಲಿ ಗೆದ್ದದ್ದು ಒಂದೇ ಒಂದು. ೨೦೨೨ರಲ್ಲಿ ಗೆದ್ದದ್ದು ಎರಡು.

ಇಷ್ಟಾದ ಮೇಲೆ ೨೦೨೩ರ ಅಕ್ಟೋಬರಿನಲ್ಲಿ ಮುಂಬಯಿಯಲ್ಲಿ ಹರಾಜು ಸೇರಿತು. ಪವನ್ ಸೆಹ್ರಾವತ್ ಎಂಬ ಹೆಸರನ್ನು ನಮ್ಮವರಿಗೆ ಪರಿಚಯಿಸಬೇಕಾಗಿಲ್ಲ. ೨೦೧೯ರ ಜನವರಿಯಲ್ಲಿ ಮುಗಿದ ಪಂದ್ಯಾವಳಿಯ ಅಂತಿಮ ಪಂದ್ಯದಲ್ಲಿ ಒಬ್ಬರೇ ೨೨ ಅಂಕ ತಂದು ಬೆಂಗಳೂರಿಗೆ ಕಿರೀಟ ತೊಡಿಸಿದವರು ಅವರೇ. ಟೈಟನ್ಸ್ ಅವರನ್ನು ೨ ಕೋಟಿ ೬೦ ಲಕ್ಷ ೫೦ ಸಾವಿರ ರೂಪಾಯಿಗೆ ಕೊಂಡಿತು. ಆ ದಿನದವರೆಗೆ ಕಬಡ್ಡಿಯಲ್ಲಿ ಯಾರಿಗೂ ಅಷ್ಟು ಬೆಲೆ ಬಂದಿರಲಿಲ್ಲ. ಒಂದು ತಂಡಕ್ಕೆ ಖರ್ಚು ಮಾಡಲು ಅನುಮತಿಯಿದ್ದುದು ಒಟ್ಟು ೫ ಕೋಟಿ. ತಂಡದಲ್ಲಿ ಕನಿಷ್ಠ ೧೮ ಮಂದಿ ಇರಬೇಕು. ಅಂದರೆ ಅರ್ಧಕ್ಕಿಂತ ಹೆಚ್ಚು ಹಣ ಒಬ್ಬನ ಪಾಲಾಯಿತು. ಉಳಿದ ಹದಿನೇಳು ಮಂದಿಗೂ ಕೂಡಿ ಉಳಿದದ್ದು ೨ ಕೋಟಿ ೩೯ ಲಕ್ಷ ೫೦ ಸಾವಿರ.

ಪವನ್ ತಮ್ಮ ಕೆಲಸದಲ್ಲಿ ತಪ್ಪಲಿಲ್ಲವೆಂಬುದನ್ನು ಇಲ್ಲಿಯೇ ಹೇಳಿಬಿಡಬೇಕು. ದಾಳಿಯಿಂದಲೇ ಇನ್ನೂರಕ್ಕೂ ಮಿಕ್ಕಿ ಅಂಕಗಳನ್ನು ತಂದರು. ತಂಡ ಗೆದ್ದದ್ದು ಮಾತ್ರ ೨೨ರಲ್ಲಿ ಎರಡು. ಮೂರು ಪಂದ್ಯಾವಳಿಗಳ ಲೆಕ್ಕವನ್ನು ಕೂಡಿದರೆ ೬೬ ಪಂದ್ಯಗಳಿಗೆ ಐದು ಗೆಲುವು! ವಿಶಾಖಪಟ್ಟಣದ ನಮ್ಮ ಮಿತ್ರರೊಬ್ಬರು ಆ ಕಾಲದಲ್ಲಿ ಕಬಡ್ಡಿ ನೋಡುವುದನ್ನೇ ಬಿಟ್ಟು ಸಂಜೆಯ ಹೊತ್ತು ಸಮುದ್ರದ ದಂಡೆಗೆ ಹೋಗತೊಡಗಿದರು. ಆರೋಗ್ಯಕ್ಕೆ ಒಳ್ಳೆಯದಾಯಿತೆಂದು ಅವರ ಮನೆಯವರು ಹೇಳುತ್ತಾರೆ.

ಇನ್ನೂರು ಅಂಕ ತಂದವನಿದ್ದೂ ತಂಡ ಸೋತದ್ದೇಕೆ? ಇದರ ಉತ್ತರ ಆಟದ ನಿಯಮದಲ್ಲಿಯೇ ಇದೆ. ಕಬಡ್ಡಿಯಲ್ಲಿ ಔಟಾದವನು ಹೊರಗೆ ಕುಳಿತುಕೊಳ್ಳಬೇಕು. ತನ್ನ ಕಡೆಯವರು ಎದುರಾಳಿಗಳಲ್ಲಿ ಒಬ್ಬನನ್ನು ಔಟು ಮಾಡಿದರೆ ಮಾತ್ರ ಸರದಿಯ ಪ್ರಕಾರ ಒಬ್ಬ ಒಳಗೆ ಬರಬಹುದು. ಎಷ್ಟೇ ಸಮರ್ಥ ದಾಳಿಗಾರನಾದರೂ ಒಂದು ಪಂದ್ಯದಲ್ಲಿ ಒಂದೆರಡು ಬಾರಿ ಸಿಕ್ಕಿಬೀಳದಿರುವುದಿಲ್ಲ. ಸಿಕ್ಕಿಬಿದ್ದ ಮೇಲೆ ಅವನನ್ನು ಒಳಗೆ ಕರೆತರುವವರು ಯಾರು? ಹಿಡಿತಗಾರರು. ಮೂಲೆಯಲ್ಲಿ ನಿಂತು ಕಾಲಿಗೆ ಕೈಹಾಕುವ ಹುಡುಗ, ಅವನ ಪಕ್ಕದಿಂದ ನುಗ್ಗಿ ಸೊಂಟ ಹಿಡಿಯುವ ಇನ್ನೊಬ್ಬ ಹುಡುಗ. ಇವರು ದುರ್ಬಲರಾದರೆ ಎರಡೂವರೆ ಕೋಟಿಯ ಆಟಗಾರ ಬೆಂಚಿನ ಮೇಲೆ ಟವೆಲು ಹೊದ್ದು ಕುಳಿತಿರುತ್ತಾನೆ, ಗಡಿಯಾರ ಓಡುತ್ತಿರುತ್ತದೆ, ಅಂಕಣದಲ್ಲಿ ಒಬ್ಬೊಬ್ಬರೇ ಖಾಲಿಯಾಗುತ್ತಾರೆ, ಕೊನೆಗೆ ಏಳೂ ಮಂದಿ ಔಟಾಗಿ ಎದುರಾಳಿಗೆ ಮತ್ತೆರಡು ಅಂಕ ಹೆಚ್ಚಿಗೆ ಹೋಗುತ್ತದೆ. ನಲವತ್ತು ನಿಮಿಷದ ಆಟದಲ್ಲಿ ದೊಡ್ಡ ದಾಳಿಗಾರ ಎಷ್ಟು ನಿಮಿಷ ಒಳಗಿದ್ದನೆಂಬುದು ಅವನ ಕೈಯಲ್ಲಿಲ್ಲ, ಇತರರ ಕೈಯಲ್ಲಿದೆ.

ಹೋಟೆಲಿನವರಿಗೆ ಇದನ್ನು ಬೇರೆ ರೀತಿಯಲ್ಲಿ ಹೇಳಬಹುದು. ಹಲವು ವರ್ಷಗಳ ಹಿಂದೆ ನಾವು ಬಲ್ಲ ಹೋಟೆಲೊಂದು ವ್ಯಾಪಾರ ಕುಸಿದಾಗ ಬೇರೆ ಊರಿನಿಂದ ಹೆಸರಾಂತ ದೋಸೆ ಭಟ್ಟರೊಬ್ಬರನ್ನು ಕರೆತಂದಿತು. ಅವರ ಸಂಬಳಕ್ಕಾಗಿ ಅರೆಯುವವನನ್ನು ಬಿಟ್ಟರು, ತೊಳೆಯುವ ಇಬ್ಬರು ಹುಡುಗರನ್ನು ಬಿಟ್ಟರು, ಸಾಂಬಾರಿನ ಹಳೆಯ ಅಡಿಗೆಯವರು ತಾವಾಗಿಯೇ ಹೋದರು. ದೋಸೆಯೇನೋ ಚಿನ್ನದಂತೆ ಬರುತ್ತಿತ್ತು. ಆದರೆ ಹಿಟ್ಟು ಹೊತ್ತಿಗೆ ಸರಿಯಾಗಿ ಸಿಗದೆ ಭಟ್ಟರು ಕಾವಲಿಯ ಮುಂದೆ ಕೈಕಟ್ಟಿ ನಿಂತಿರುತ್ತಿದ್ದರು. ತಟ್ಟೆ ತೊಳೆಯುವವರಿಲ್ಲದೆ ಗಿರಾಕಿ ಕಾಯುತ್ತಿದ್ದ. ಆರು ತಿಂಗಳಲ್ಲಿ ಭಟ್ಟರೂ ಹೊರಟರು. ತಪ್ಪು ಭಟ್ಟರದಲ್ಲ. ಅವರನ್ನು ಕರೆತಂದ ಹೊತ್ತು ತಪ್ಪು.

ನಾವು ಹೇಳಬೇಕೆಂದಿರುವುದೂ ಇದನ್ನೇ. ದೊಡ್ಡ ಆಟಗಾರನನ್ನು ಕೊಳ್ಳಬಾರದೆಂದಲ್ಲ. ಸೋತು ತಳ ಹಿಡಿದ ತಂಡ ಅವನನ್ನು ಮೊದಲು ಕೊಳ್ಳಬಾರದು, ಕೊನೆಗೆ ಕೊಳ್ಳಬೇಕು.

ಅಮೆರಿಕಾದಲ್ಲಿ ಬಾಸ್ಕೆಟ್‌ಬಾಲ್ ಲೀಗಿನವರು ಸೋತವರಿಗಾಗಿಯೇ ಒಂದು ಏರ್ಪಾಡನ್ನು ಮಾಡಿಕೊಂಡಿದ್ದಾರೆ. ೧೯೪೭ರಿಂದ ನಡೆದುಬಂದಿರುವ ಈ ಪದ್ಧತಿಗೆ ಡ್ರಾಫ್ಟ್ ಎಂದು ಹೆಸರು. ಪ್ರತಿ ವರ್ಷ ಹೊಸದಾಗಿ ಬರುವ ಹುಡುಗರನ್ನು ತಂಡಗಳು ಸರದಿಯಲ್ಲಿ ಆರಿಸಿಕೊಳ್ಳುತ್ತವೆ. ಸೋತ ತಂಡಗಳ ಸರದಿ ಮುಂದೆ, ಗೆದ್ದ ತಂಡಗಳದು ಹಿಂದೆ. ಮೊದಲ ಸರದಿಗಾಗಿ ಬೇಕೆಂದೇ ಸೋಲುವವರು ಹುಟ್ಟಿಕೊಂಡಾರೆಂದು ೧೯೮೫ರಿಂದ ಚೀಟಿ ಎತ್ತುವ ಕ್ರಮವನ್ನೂ ಸೇರಿಸಿದ್ದಾರೆ. ಒಕ್ಲಹೋಮಾ ಸಿಟಿಯ ತಂಡವು ೨೦೨೦-೨೧ರಲ್ಲಿ ೭೨ ಪಂದ್ಯಗಳಲ್ಲಿ ೨೨ನ್ನು, ಮರುವರ್ಷ ೮೨ರಲ್ಲಿ ೨೪ನ್ನು ಮಾತ್ರ ಗೆದ್ದಿತ್ತು. ಗಾಬರಿಯಾಗಿ ಮುದಿ ತಾರೆಗಳನ್ನು ಕೊಳ್ಳದೆ, ೨೦೨೨ರಲ್ಲಿ ಎರಡನೆಯ ಸರದಿಯಲ್ಲಿ ಚೆಟ್ ಹೋಮ್‌ಗ್ರೆನ್ ಎಂಬ ಹುಡುಗನನ್ನು, ಹನ್ನೆರಡನೆಯ ಸರದಿಯಲ್ಲಿ ಜೇಲನ್ ವಿಲಿಯಮ್ಸ್ ಎಂಬವನನ್ನು ಆರಿಸಿ ತಾಳ್ಮೆಯಿಂದ ಬೆಳೆಸಿತು. ಹನ್ನೆರಡನೆಯವನೂ ಎರಡನೆಯವನಷ್ಟೇ ಉಪಯುಕ್ತನಾದನೆಂಬುದು ಗಮನಿಸತಕ್ಕ ವಿಷಯ. ೨೦೨೫ರಲ್ಲಿ ಆ ತಂಡವೇ ಚಾಂಪಿಯನ್.

ನಮ್ಮ ಕಬಡ್ಡಿಯಲ್ಲಿ ಸೋತವನಿಗೆ ಇಂಥ ದಯೆಯಿಲ್ಲ. ಎಲ್ಲರ ಚೀಲದಲ್ಲಿಯೂ ಒಂದೇ ಮೊತ್ತ, ಎಲ್ಲರಿಗೂ ಒಂದೇ ಹರಾಜು. ಆದರೂ ಒಂದು ಬಾಗಿಲು ತೆರೆದಿದೆ. ೨೦೧೭ರಲ್ಲಿ ಹದಿನೆಂಟರಿಂದ ಇಪ್ಪತ್ತೆರಡರ ವಯಸ್ಸಿನ ಹುಡುಗರನ್ನು ದೇಶದಾದ್ಯಂತ ಹುಡುಕಿ ತಂಡಗಳಿಗೆ ಹಂಚುವ ಕಾರ್ಯಕ್ರಮವೊಂದು ಆರಂಭವಾಯಿತು. ತರುವಾಯ ಹೊಸ ಕಿರಿಯ ಆಟಗಾರರೆಂಬ ಬೇರೆಯೇ ವರ್ಗವು ಬಂದಿತು. ಇಂಥವರನ್ನು ಕಡಿಮೆ ಸಂಬಳಕ್ಕೆ ತೆಗೆದುಕೊಂಡು, ಹರಾಜಿಗೆ ಬಿಡದೆ ಮುಂದಿನ ವರ್ಷಕ್ಕೂ ಉಳಿಸಿಕೊಳ್ಳಬಹುದು. ಅಮೆರಿಕಾದವರಿಗೆ ಡ್ರಾಫ್ಟ್ ಏನೋ ನಮ್ಮವರಿಗೆ ಇದು ಅದು. ವ್ಯತ್ಯಾಸವೇನೆಂದರೆ, ಅಲ್ಲಿ ಹುಡುಗನನ್ನು ಲೀಗಿನವರೇ ಮುಂದೆ ತಂದು ನಿಲ್ಲಿಸುತ್ತಾರೆ. ಇಲ್ಲಿ ಬಹುಮಟ್ಟಿಗೆ ತಂಡದವರೇ ಹೋಗಿ ಹುಡುಕಬೇಕು. ಹುಡುಕುವ ಕಣ್ಣಿದ್ದವನಿಗೆ ಸರದಿಯ ಹಂಗಿಲ್ಲ.

ಇದನ್ನು ಅರಿತವರು ಯಾರೆಂದರೆ ಮೊದಲನೆಯದಾಗಿ ಪುಣೆಯವರು. ಅಸ್ಲಂ ಇನಾಮದಾರ್, ಮೋಹಿತ್ ಗೋಯತ್ ಇವರಿಬ್ಬರೂ ೨೦೨೧ರ ಪಂದ್ಯಾವಳಿಯಲ್ಲಿ ಪುಣೇರಿ ಪಲ್ಟನಿಗೆ ಕಿರಿಯರ ವರ್ಗದಿಂದಲೇ ಬಂದವರು. ೨೦೨೨ರ ಡಿಸೆಂಬರಿನಲ್ಲಿ ಪುಣೆ ಅಂತಿಮ ಪಂದ್ಯದಲ್ಲಿ ಜಯಪುರಕ್ಕೆ ಸೋತಿತು. ಸೋತರೂ ಹುಡುಗರನ್ನು ಬಿಡಲಿಲ್ಲ. ೨೦೨೪ರ ಮಾರ್ಚ್ ೧ರಂದು ಹೈದರಾಬಾದಿನಲ್ಲಿ ಅದೇ ಅಸ್ಲಂ ನಾಯಕನಾಗಿ ಕಿರೀಟವನ್ನು ಎತ್ತಿದ. ಆ ತಂಡವನ್ನು ತರಬೇತು ಮಾಡಿದವರು ನಮ್ಮ ಬಿ. ಸಿ. ರಮೇಶ್ ಎಂದು ಹೇಳುವಾಗ ಎದೆ ತುಸು ಉಬ್ಬುವುದು ಸಹಜ.

ಇಲ್ಲಿ ಚತುರ ವಾಚಕರು ಒಂದು ಆಕ್ಷೇಪವನ್ನು ಎತ್ತಬಹುದು. ಪವನ್ ಹರಾಜಾದ ಆ ವರ್ಷವೇ ಪುಣೆಯವರು ಇರಾನಿನ ಮೊಹಮ್ಮದ್ ರೆಜಾ ಶಾದ್ಲೂಯಿಯನ್ನು ೨ ಕೋಟಿ ೩೫ ಲಕ್ಷಕ್ಕೆ ಕೊಂಡಿರಲಿಲ್ಲವೇ? ಕೊಂಡಿದ್ದರು. ಒಂದೇ ಹರಾಜಿನಲ್ಲಿ ಹೆಚ್ಚುಕಡಿಮೆ ಒಂದೇ ಬೆಲೆಗೆ ಇಬ್ಬರನ್ನು ಇಬ್ಬರು ಕೊಂಡರು. ಒಬ್ಬರಿಗೆ ಮೊದಲ ಸ್ಥಾನ, ಇನ್ನೊಬ್ಬರಿಗೆ ಕೊನೆಯ ಸ್ಥಾನ. ನಮ್ಮ ವಾದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷ್ಯ ಬೇಕಿಲ್ಲ. ಪುಣೆಯ ಮನೆಯಲ್ಲಿ ಕಂಬಗಳು ಮೊದಲೇ ನಿಂತಿದ್ದವು. ಅಗ್ಗದ ಸಂಬಳದ ಹುಡುಗರು ಬೆಳೆದು ನಿಂತಿದ್ದುದರಿಂದಲೇ ಚೀಲದಲ್ಲಿ ಆ ಹಣವೂ ಉಳಿದಿತ್ತು. ಅಲ್ಲದೆ ಅವರು ಕೊಂಡದ್ದು ಮೊದಲಿಗೆ ಹಿಡಿತಗಾರ, ಆಮೇಲೆ ಸವ್ಯಸಾಚಿ. ಟೈಟನ್ಸ್ ಬಯಲಿನಲ್ಲಿ ಕಳಶವನ್ನು ತಂದು ಇಟ್ಟಿತು.

ಹರಿಯಾಣದ ಕಥೆ ಇನ್ನೂ ಸ್ಪಷ್ಟ. ೨೦೧೮ರಲ್ಲಿ ಮೋನು ಗೋಯತ್ ಎಂಬ ದಾಳಿಗಾರನಿಗೆ ೧ ಕೋಟಿ ೫೧ ಲಕ್ಷ ತೆತ್ತು ತನ್ನ ಗುಂಪಿನಲ್ಲಿ ತಳಕ್ಕೆ ಇಳಿದ ತಂಡವದು. ಮುಂದೆ ಅಲ್ಲಿಗೆ ಮನ್‌ಪ್ರೀತ್ ಸಿಂಗ್ ತರಬೇತುದಾರರಾಗಿ ಬಂದರು. ಇದೇ ಮನ್‌ಪ್ರೀತ್ ೨೦೧೭ರಲ್ಲಿ ಸುಕೇಶ್ ಹೆಗ್ಡೆಯವರಿದ್ದ ಗುಜರಾತಿನ ಎಳೆಯ ತಂಡವನ್ನು ಹುಟ್ಟಿದ ವರ್ಷವೇ ಅಂತಿಮ ಪಂದ್ಯಕ್ಕೂ, ಮರುವರ್ಷ ಮತ್ತೊಮ್ಮೆ ಅಲ್ಲಿಗೂ ಒಯ್ದವರು. ಹರಿಯಾಣದಲ್ಲಿ ಜೈದೀಪ್ ದಹಿಯಾ, ರಾಹುಲ್ ಸೇಠ್‌ಪಾಲ್, ಮೋಹಿತ್ ನಾಂದಲ್ ಎಂಬ ಹಿಡಿತಗಾರರನ್ನು ಒಟ್ಟಿಗೆ ಇಟ್ಟು ಬೆಳೆಸಿದರು. ೨೦೨೪ರ ಮಾರ್ಚಿನಲ್ಲಿ ಪುಣೆಗೆ ೨೫-೨೮ರಿಂದ ಸೋತದ್ದು ಇವರೇ. ಆಮೇಲೆ ಶಾದ್ಲೂಯಿಯನ್ನು ೨ ಕೋಟಿ ೭ ಲಕ್ಷಕ್ಕೆ ತಂದರು. ಅದೇ ಡಿಸೆಂಬರ್ ೨೯ರಂದು ಪುಣೆಯಲ್ಲಿ ಪಟ್ನಾವನ್ನು ೩೨-೨೩ರಿಂದ ಸೋಲಿಸಿ ಕಿರೀಟ ಪಡೆದರು. ಅನ್ನ ಬೆಂದ ಮೇಲೆ ತುಪ್ಪ ಬಡಿಸಿದರೆ ಹೀಗಾಗುತ್ತದೆ. ಮರುವರ್ಷ ಶಾದ್ಲೂಯಿ ೨ ಕೋಟಿ ೨೩ ಲಕ್ಷಕ್ಕೆ ಗುಜರಾತಿಗೆ ಹೋದರು, ಹಿಂದಿನ ವರ್ಷ ಪಟ್ನಾದಲ್ಲಿ ಮಿಂಚಿದ್ದ ದೇವಾಂಕ್ ದಲಾಲ್ ೨ ಕೋಟಿ ೨೦ ಲಕ್ಷ ೫೦ ಸಾವಿರಕ್ಕೆ ಬಂಗಾಳಕ್ಕೆ ಹೋದರು. ೨೦೨೫ರ ಹರಾಜಿನಲ್ಲಿ ಅತಿ ಹೆಚ್ಚಿನ ಬೆಲೆಗೆ ಹೋದ ಈ ಇಬ್ಬರ ತಂಡಗಳೂ ಮೊದಲ ಎಂಟರಲ್ಲಿ ಬರಲಿಲ್ಲ.

ಈಗ ಬೆಂಗಳೂರಿನ ಮಾತು. ಅಡಿಗೆಮನೆಯವರು ಸಿಟ್ಟಾಗಬಾರದು. ೨೦೨೪ರಲ್ಲಿ ಬುಲ್ಸ್ ತಂಡವು ಲೀಗಿನ ಚರಿತ್ರೆಯಲ್ಲಿಯೇ ಹೆಸರಾದ ದಾಳಿಗಾರ ಪ್ರದೀಪ್ ನರ್ವಾಲರನ್ನು ೭೦ ಲಕ್ಷಕ್ಕೂ, ಅಜಿಂಕ್ಯ ಪವಾರರನ್ನು ೧ ಕೋಟಿ ೧೦ ಲಕ್ಷಕ್ಕೆ ಮಿಕ್ಕಿದ ಬೆಲೆಗೂ ತಂದು ೨೨ರಲ್ಲಿ ಎರಡನ್ನು ಗೆದ್ದು ಕೊನೆಯ ಸ್ಥಾನದಲ್ಲಿ ನಿಂತಿತು. ಟೈಟನ್ಸಿನ ರೋಗವೇ ಇವರಿಗೂ ಅಂಟಿತ್ತು. ಮರುವರ್ಷ ಬಿ. ಸಿ. ರಮೇಶರು ತವರಿಗೆ ಬಂದರು. ಆಗ ಕೋಟಿ ದಾಟಿಸಿ ಕೊಟ್ಟದ್ದು ಒಬ್ಬನಿಗೆ ಮಾತ್ರ, ಅದೂ ದಾಳಿಗಾರನಿಗಲ್ಲ. ಮೂಲೆಯ ಹಿಡಿತಗಾರ ಯೋಗೇಶ್ ದಹಿಯಾನಿಗೆ. ಹೆಚ್ಚಿನವರು ಹೆಸರು ಕೇಳದ ಹುಡುಗರಿಂದ ದಾಳಿ ಮಾಡಿಸಿ ತಂಡವನ್ನು ಹನ್ನೆರಡರಿಂದ ಮೂರನೆಯ ಸ್ಥಾನಕ್ಕೆ ಏರಿಸಿದರು.

ಟೈಟನ್ಸ್ ತಿರುಗಿಕೊಂಡದ್ದು ನಿಧಾನವಾಗಿ, ಸ್ವಲ್ಪ ಮಟ್ಟಿಗೆ ವಿಧಿಯ ಬಲಾತ್ಕಾರದಿಂದ ಎಂದರೂ ತಪ್ಪಿಲ್ಲ. ೨೦೨೪ರಲ್ಲಿ ಕೃಷ್ಣಕುಮಾರ್ ಹೂಡಾ ತರಬೇತುದಾರರಾಗಿ ಬಂದರು. ಪವನರನ್ನು ೧ ಕೋಟಿ ೭೨ ಲಕ್ಷ ೫೦ ಸಾವಿರಕ್ಕೆ ಮತ್ತೆ ಉಳಿಸಿಕೊಂಡಿದ್ದರು. ನಡುವೆ ಅವರು ಗಾಯಗೊಂಡು ಹೊರಗುಳಿದಾಗ ವಿಜಯ್ ಮಲಿಕ್ ಎಂಬ ಹೆಚ್ಚು ಸದ್ದಿಲ್ಲದ ಸವ್ಯಸಾಚಿ ಭಾರವನ್ನು ಹೊತ್ತರು. ತಂಡ ೧೨ ಪಂದ್ಯಗಳನ್ನು ಗೆದ್ದು ಏಳನೆಯದಾಯಿತು. ತಾರೆಯಿಲ್ಲದಾಗ ಇತರರು ಆಡಬಲ್ಲರೆಂಬುದು ಆಡಳಿತದವರಿಗೆ ಆಗ ಹೊಳೆಯಿತೆಂದು ತೋರುತ್ತದೆ. ೨೦೨೫ರ ಹರಾಜಿನಲ್ಲಿ ಪವನರನ್ನು ಬಿಟ್ಟುಕೊಟ್ಟರು. ತಮಿಳು ತಲೈವಾಸ್ ಅವರನ್ನು ೫೯ ಲಕ್ಷ ೫೦ ಸಾವಿರಕ್ಕೆ ಕೊಂಡಿತು. ಟೈಟನ್ಸ್ ವಿಜಯ್ ಮಲಿಕರನ್ನು ೫೧ ಲಕ್ಷ ೫೦ ಸಾವಿರಕ್ಕೆ ಉಳಿಸಿಕೊಂಡು, ಭರತ್ ಹೂಡಾರನ್ನು ೮೧ ಲಕ್ಷಕ್ಕೆ ತಂದಿತು. ಇಬ್ಬರಿಗೂ ಕೂಡಿ ೧ ಕೋಟಿ ೩೨ ಲಕ್ಷ ೫೦ ಸಾವಿರ. ಎಂದರೆ ೨೦೨೩ರಲ್ಲಿ ಒಬ್ಬರಿಗೆ ತೆತ್ತದ್ದರ ಸುಮಾರು ಅರ್ಧ.

ಆ ವರ್ಷದ ಪಂದ್ಯಾವಳಿ ಆಗಸ್ಟ್ ೨೯ರಂದು ವಿಶಾಖಪಟ್ಟಣದಲ್ಲಿಯೇ ಆರಂಭವಾಯಿತು. ೨೦೧೮ರ ತರುವಾಯ ಆ ಊರು ಲೀಗಿನ ಪಂದ್ಯವನ್ನು ಕಂಡಿರಲಿಲ್ಲ. ಗಣೇಶನ ಹಬ್ಬ ಮುಗಿದು ಎರಡು ದಿನ. ವಿಜಯವಾಡದಿಂದ ನಮ್ಮ ಹೋಟೆಲು ಹುಡುಗರು ಐದಾರು ಮಂದಿ ಬೆಳಗಿನ ರತ್ನಾಚಲ ಎಕ್ಸ್‌ಪ್ರೆಸ್ ಹಿಡಿದು ಹೋಗಿದ್ದರು. ಮೊದಲ ಪಂದ್ಯ ಟೈಟನ್ಸಿಗೂ ತಲೈವಾಸಿಗೂ. ಬಿಟ್ಟುಕೊಟ್ಟ ಪವನ್ ಎದುರು ಪಾಳೆಯದಲ್ಲಿ! ಟೈಟನ್ಸ್ ೩೫-೩೮ರಿಂದ ಸೋತಿತು. ಚಿನ್ನವನ್ನು ಕೊಟ್ಟು ಹಿತ್ತಾಳೆ ಕೊಂಡರೆಂದು ಹೊರಬರುವ ದಾರಿಯಲ್ಲಿ ಜನ ಆಡಿಕೊಂಡರಂತೆ. ರಾತ್ರಿಯ ಗಾಡಿಯಲ್ಲಿ ಮರಳಿದ ಹುಡುಗರ ಮುಖವನ್ನು ಮರುದಿನ ಬೆಳಗ್ಗೆ ಕಾಫಿ ತಂದಿಟ್ಟಾಗಲೇ ಓದಬಹುದಾಗಿತ್ತು. ಎರಡು ತಿಂಗಳು ಕಳೆದಾಗ ತಲೈವಾಸ್ ಮೊದಲ ಎಂಟರಲ್ಲಿಯೂ ಇರಲಿಲ್ಲ. ಟೈಟನ್ಸ್ ನಾಲ್ಕನೆಯ ಸ್ಥಾನದಿಂದ ಹೊರಟು, ಬೆಂಗಳೂರನ್ನೂ ಪಟ್ನಾವನ್ನೂ ದಾಟಿ, ಪುಣೆಯೆದುರು ೪೫-೫೦ರಿಂದ ಸೋತು ನಿಂತಿತು. ಅಂತಿಮ ಪಂದ್ಯಕ್ಕೆ ಒಂದೇ ಮೆಟ್ಟಿಲು ಉಳಿದಿತ್ತು.

ಅಪಾಯವಿರುವುದು ಇಲ್ಲಿಯೇ. ಒಂದು ಮೆಟ್ಟಿಲು ಉಳಿದಿರುವಾಗ ಯಾರಾದರೂ ದೊಡ್ಡವನೊಬ್ಬನನ್ನು ತಂದು ಹತ್ತಿಬಿಡೋಣವೆಂಬ ಆಸೆ ಹುಟ್ಟುತ್ತದೆ. ಈ ಆಸೆ ತಪ್ಪೆಂದು ನಾವು ಹೇಳುವುದಿಲ್ಲ. ಹರಿಯಾಣ ಮಾಡಿದ್ದೂ ಅದನ್ನೇ. ದೆಹಲಿಯವರು ೨೦೨೫ರ ಕಿರೀಟ ಗೆಲ್ಲುವ ಮೊದಲು ತಮ್ಮಲ್ಲಿಯೇ ಬೆಳೆದ ಆಶು ಮಲಿಕನನ್ನು ಉಳಿಸಿಕೊಳ್ಳಲು ೧ ಕೋಟಿ ೯೦ ಲಕ್ಷ ತೆತ್ತರು. ಆದರೆ ಪ್ರಶ್ನೆ ಹಿಂದಿನದೇ: ಕಂಬಗಳು ನಿಂತಿವೆಯೇ? ಟೈಟನ್ಸಿನ ಹಿಡಿತಗಾರರು ಇನ್ನೂ ಒಂದೆರಡು ವರ್ಷ ಒಟ್ಟಿಗೆ ಆಡಬೇಕಾದವರು. ಮೂಲೆಯವನಿಗೂ ಪಕ್ಕದವನಿಗೂ ಇರುವ ಸಂಬಂಧ ದಿನ ಬೆಳಗಾಗುವುದರಲ್ಲಿ ಬರುವಂಥದಲ್ಲ. ಒಬ್ಬ ಅರೆಕ್ಷಣ ಮೊದಲೇ ಹಾರಿದರೆ ಇನ್ನೊಬ್ಬ ನಿಂತು ನೋಡಬೇಕಾಗುತ್ತದೆ. ಆದುದರಿಂದ ಕಿರಿಯರನ್ನು ಆರಿಸುವಾಗ ಒಬ್ಬೊಬ್ಬರನ್ನಾಗಿ ಆರಿಸದೆ ಜೋಡಿಯಾಗಿ ಆರಿಸುವುದು ಲೇಸು. ಒಂದೇ ಕಾಲೇಜಿನಲ್ಲಿಯೋ ಒಂದೇ ಊರ ತಂಡದಲ್ಲಿಯೋ ಎಡಬಲವಾಗಿ ಆಡಿದವರು ಸಿಕ್ಕಿದರೆ ಇನ್ನೂ ಲೇಸು. ಮೊದಲ ವರ್ಷ ಅವರು ತಪ್ಪು ಮಾಡುತ್ತಾರೆ. ತಪ್ಪು ಮಾಡಿದ ಕೂಡಲೇ ಬೆಂಚಿಗೆ ಅಟ್ಟುವ ತಂಡಕ್ಕೆ ಕಿರಿಯರು ಬೇಕಿಲ್ಲ.

ಹುಡುಕುವುದೆಲ್ಲಿ? ಲೀಗಿನ ಹೆಸರುಗಳನ್ನು ಓದಿದರೆ ಹರಿಯಾಣವೂ ಮಹಾರಾಷ್ಟ್ರವೂ ಕಾಣಿಸುವಷ್ಟು ಆಂಧ್ರ ಕಾಣಿಸುವುದಿಲ್ಲ. ತೆಲುಗರ ಹೆಸರು ಹೊತ್ತ ತಂಡಕ್ಕೆ ಇದು ಶೋಭೆಯಲ್ಲ. ೨೦೨೩ರ ಡಿಸೆಂಬರಿನಿಂದ ೨೦೨೪ರ ಫೆಬ್ರವರಿಯವರೆಗೆ ಈ ರಾಜ್ಯದ ಸರಕಾರವು ‘ಆಡುದಾಂ ಆಂಧ್ರಾ’ ಎಂಬ ಕ್ರೀಡಾಕೂಟವನ್ನು ಗ್ರಾಮ ಮಟ್ಟದಿಂದ ನಡೆಸಿತು. ಅದರ ಐದು ಆಟಗಳಲ್ಲಿ ಕಬಡ್ಡಿಯೂ ಒಂದು. ಕೊನೆಯ ಪಂದ್ಯಗಳು ವಿಶಾಖಪಟ್ಟಣದಲ್ಲಿಯೇ ನಡೆದವು. ಹಳ್ಳಿಯಿಂದ ಹಳ್ಳಿಗೆ ಸೋಸಿ ಬಂದ ಹುಡುಗರು ಟೈಟನ್ಸಿನ ತವರೂರಿನ ಅಂಗಳಕ್ಕೆ ಬಂದು ಆಡಿ ಹೋದರು. ಇಂಥ ಕೂಟ ನಡೆದಾಗಲೆಲ್ಲ ತಂಡದ ಇಬ್ಬರು ಕಣ್ಣುಳ್ಳವರು ಒಂದು ತಿಂಗಳು ಬಸ್ಸಿನಲ್ಲಿ ಸುತ್ತಿದರೆ ತಗಲುವ ಖರ್ಚು ಹರಾಜಿನಲ್ಲಿ ಒಮ್ಮೆ ಕೈ ಎತ್ತುವುದರ ಖರ್ಚಿಗಿಂತ ಕಡಿಮೆ.

ನಮ್ಮ ಕರಾವಳಿಯೂ ದೂರವಿಲ್ಲ. ಮಳೆ ನಿಂತು ಗದ್ದೆ ಒಣಗಿತೆಂದರೆ ಕುಂದಾಪುರದಿಂದ ಕಾಸರಗೋಡಿನವರೆಗೆ ಹೊನಲು ಬೆಳಕಿನ ಕಬಡ್ಡಿ ಪಂದ್ಯಾಟಗಳು ನಡೆಯದ ವಾರವಿಲ್ಲ. ಉತ್ತಮ ದಾಳಿಗಾರ, ಉತ್ತಮ ಹಿಡಿತಗಾರ, ಸವ್ಯಸಾಚಿ ಎಂದು ಧ್ವನಿವರ್ಧಕದಲ್ಲಿ ಕರೆದು ಟ್ರೋಫಿ ಕೊಡುತ್ತಾರೆ. ಮರುದಿನ ಆ ಉತ್ತಮ ಹಿಡಿತಗಾರ ಹೈದರಾಬಾದಿಗೋ ಮುಂಬಯಿಗೋ ವಿಜಯವಾಡಕ್ಕೋ ಹೋಟೆಲು ಕೆಲಸಕ್ಕೆ ಬಸ್ಸು ಹತ್ತುತ್ತಾನೆ. ೨೦೨೩ರ ಹರಾಜಿನ ಕಟ್ಟಕಡೆಯ ವರ್ಗದ ಮೂಲಬೆಲೆ ೯ ಲಕ್ಷ ರೂಪಾಯಿ. ತಟ್ಟೆ ಎತ್ತುವ ಹುಡುಗನಿಗೆ ಅದು ಎಷ್ಟು ವರ್ಷದ ಸಂಬಳವೆಂದು ವಾಚಕರೇ ಲೆಕ್ಕ ಹಾಕಲಿ. ಪಟ್ನಾ ತಂಡವನ್ನು ೨೦೨೨ರ ಫೆಬ್ರವರಿಯಲ್ಲಿ ಅಂತಿಮ ಪಂದ್ಯಕ್ಕೆ ನಡೆಸಿದ ನಾಯಕ ಪ್ರಶಾಂತ್ ಕುಮಾರ್ ರೈ ದಕ್ಷಿಣ ಕನ್ನಡದವರೇ. ಅಂಥವರು ಇನ್ನೂ ಇರುವರು. ಅವರಲ್ಲಿ ಕೆಲವರು ನಮಗೆ ಇಡ್ಲಿ ತಂದಿಡುತ್ತಿರುವರು.

ಇದು ಬಾಯಿಮಾತಲ್ಲ. ಅಕ್ಟೋಬರಿನ ಆ ರಾತ್ರಿ ನಮ್ಮ ಗುಮಾಸ್ತ ಮಿತ್ರರು ಕಾಗದದ ಮೇಲೆ ಪವನರ ಬೆಲೆಯನ್ನು ಹದಿನೆಂಟರಿಂದ ಭಾಗಿಸುತ್ತಿದ್ದಾಗ ಮೇಜು ಒರೆಸುತ್ತಿದ್ದ ಹತ್ತೊಂಬತ್ತರ ಹುಡುಗನೊಬ್ಬ ನಿಂತು ನೋಡಿದ. ಬೈಂದೂರು ಕಡೆಯವನು, ಎಡಮೂಲೆಯಲ್ಲಿ ಆಡಿದವನು. ಮೊಣಕೈಯಲ್ಲಿ ಮಣ್ಣಿನ ಅಂಕಣದ ಹಳೆಯ ಗಾಯದ ಗುರುತಿತ್ತು.

“ಒಬ್ಬನಿಗೇ ಅಷ್ಟು ಕೊಟ್ಟರೆ ಬಾಕಿಯವರು ಎಂತ ಮಾಡುವುದು ಮಾರಾಯ್ರೆ?” ಎಂದ. ಸ್ವಲ್ಪ ತಡೆದು, “ಈ ಟೈಟನ್ಸಿನವರು ಹುಡುಗರನ್ನು ನೋಡ್ಲಿಕ್ಕೆ ಎಲ್ಲಿಗೆ ಬರ್ತಾರೆ ಸ್ವಾಮಿ? ಇಲ್ಲಿಗೆ ಬರ್ತಾರಾ, ನಮ್ಮ ಊರಿಗೆ ಬರ್ತಾರಾ?” ಎಂದು ಕೇಳಿದ.

ನಾವು ಉತ್ತರ ಹೇಳುವ ಮೊದಲೇ ಗಲ್ಲಾದ ಮೇಲಿದ್ದ ಯಜಮಾನರು, ಟೈಟನ್ಸಿನ ಪಕ್ಷದ ತಮ್ಮ ಮಗನನ್ನು ಕರೆದು, ವಿಶಾಖಪಟ್ಟಣದಲ್ಲಿ ಯಾರನ್ನು ವಿಚಾರಿಸಬೇಕೋ ತಿಳಿದುಕೊಂಡು ಬರೆದುಕೊಡು ಎಂದರು. ಹುಡುಗನ ಕಡೆ ತಿರುಗಿ, “ಹೋಗುವುದಾದರೆ ಎರಡು ದಿನ ಮೊದಲೇ ಹೇಳು, ಬದಲಿಯವನನ್ನು ನೋಡಬೇಕು” ಎಂದು ಸೇರಿಸಿದರು. ಹುಡುಗ ಒರೆಸುವ ಬಟ್ಟೆಯನ್ನು ಹೆಗಲ ಮೇಲೆ ಹಾಕಿಕೊಂಡು ಮುಂದಿನ ಮೇಜಿಗೆ ಹೋದ.